ಕರಾವಳಿಯ ಸೆಕೆಯಲ್ಲಿ ಫಿರೋಜಾ ಕಲ್ಲನ್ನು ಆರಿಸುವ, ಕಾಪಾಡುವ ಕ್ರಮ

ಅಂಗಡಿಗಳಲ್ಲಿ ಟರ್ಕಾಯ್ಸ್ ಎಂಬ ಹೆಸರಿನಲ್ಲೂ ಸಿಗುವ ಫಿರೋಜಾ ಮೂಲತಃ ಒಣನಾಡಿನ ಕಲ್ಲು. ಇರಾನಿನ ಖೊರಾಸಾನ್ ಪ್ರಾಂತ್ಯದ ನಿಶಾಪುರ, ಈಜಿಪ್ಟಿನ ಸಿನಾಯ್, ಅಮೆರಿಕದ ಅರಿಜೋನಾ ಮತ್ತು ನೆವಾಡಾ ಮುಂತಾಗಿ ಈ ಕಲ್ಲಿಗೆ ಹೆಸರು ತಂದುಕೊಟ್ಟ ಗಣಿಗಳಲ್ಲಿ ಬಹುಪಾಲು ಮಳೆ ಅಪರೂಪವಾದ ಪ್ರದೇಶಗಳಲ್ಲಿವೆ. ಅದನ್ನು ಧರಿಸುವ ಮಂಗಳೂರು, ಉಡುಪಿಯ ನಾವಾದರೋ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಏಪ್ರಿಲ್–ಮೇ ತಿಂಗಳಲ್ಲಿ ನಿಂತಲ್ಲೇ ಬೆವರಿಳಿಯುವ, ಅಡುಗೆಗೂ ತಲೆಗೂ ತೆಂಗಿನೆಣ್ಣೆಯನ್ನೇ ಬಳಸುವ ಊರಿನವರು. ಕೊಂಡಾಗ ತಿಳಿನೀಲಿಯಾಗಿದ್ದ ಕಲ್ಲು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿಹಸಿರಿಗೆ ತಿರುಗಿತೆಂಬ ದೂರು ಇಲ್ಲಿ ಕೇಳಿಬರುವುದಕ್ಕೆ ಕಾರಣ ಈ ಅಂತರದಲ್ಲೇ ಇದೆ. ಆದ್ದರಿಂದ ಕರಾವಳಿಯಲ್ಲಿ ಫಿರೋಜಾ ಕೊಳ್ಳುವವರು ಬಣ್ಣ ಮತ್ತು ಬೆಲೆಗಳಿಗಿಂತ ಮೊದಲು, ಆ ಕಲ್ಲಿನ ಮೇಲೆ ಯಾವ ಸಂಸ್ಕರಣೆ ನಡೆದಿದೆ ಮತ್ತು ಅದನ್ನು ಯಾವ ರೀತಿ ಧರಿಸಲಿದ್ದೇವೆ ಎಂಬ ಎರಡು ವಿಷಯಗಳನ್ನು ಇತ್ಯರ್ಥಪಡಿಸಿಕೊಳ್ಳಬೇಕು.

ಕಲ್ಲಿನ ಸ್ವಭಾವ

ರಾಸಾಯನಿಕವಾಗಿ ಫಿರೋಜಾ ಎಂದರೆ ತಾಮ್ರ ಮತ್ತು ಅಲ್ಯೂಮಿನಿಯಂಗಳ ಜಲಯುಕ್ತ ಫಾಸ್ಫೇಟ್. ತಾಮ್ರದ ಅದಿರಿರುವ ಬಂಡೆಯ ಮೂಲಕ ಮಳೆನೀರು ನಿಧಾನವಾಗಿ ಇಳಿಯುವಾಗ ಅಲ್ಲಿನ ಸಲ್ಫೈಡ್ ಖನಿಜಗಳು ಆಕ್ಸಿಜನ್ನಿನೊಂದಿಗೆ ವರ್ತಿಸಿ ನೀರನ್ನು ಆಮ್ಲೀಯವಾಗಿಸುತ್ತವೆ. ಆ ನೀರು ತಾಮ್ರವನ್ನು ಕರಗಿಸಿಕೊಂಡು, ಬಂಡೆಯಲ್ಲಿನ ಫೆಲ್ಡ್‌ಸ್ಪಾರ್ ಖನಿಜದಿಂದ ಅಲ್ಯೂಮಿನಿಯಂ ಮತ್ತು ಅಪಟೈಟ್ ಖನಿಜದಿಂದ ಫಾಸ್ಫೇಟ್ ಪಡೆದು, ಬಿರುಕುಗಳಲ್ಲಿ ಮತ್ತು ಪೊಟರೆಗಳಲ್ಲಿ ಫಿರೋಜಾವಾಗಿ ಘನೀಭವಿಸುತ್ತದೆ. ಹೀಗೆ ಮೇಲಿನಿಂದ ಇಳಿದ ನೀರಿನಿಂದ ಹುಟ್ಟುವುದರಿಂದಲೇ ಅದು ಸಾಮಾನ್ಯವಾಗಿ ನೆಲದ ಮೇಲ್ಪದರಗಳಲ್ಲೇ ಸಿಗುತ್ತದೆ. ನೀಲಿ ಬಣ್ಣ ಬರುವುದು ತಾಮ್ರದಿಂದ. ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ಕಬ್ಬಿಣ ಸೇರಿಕೊಂಡಷ್ಟೂ ಕಲ್ಲು ಹಸಿರಿನ ಕಡೆಗೆ ವಾಲುತ್ತದೆ. ಆದ್ದರಿಂದ ಹುಟ್ಟಿನಿಂದಲೇ ಹಸಿರಾಗಿರುವ ಫಿರೋಜಾ ಕೂಡ ಅಪ್ಪಟವೇ ಆಗಿರಬಹುದು. ನಾವು ಜಾಗ್ರತೆ ವಹಿಸಬೇಕಾದದ್ದು ಕೊಂಡ ನಂತರ ಹಸಿರಾಗುವ ನೀಲಿ ಕಲ್ಲಿನ ವಿಷಯದಲ್ಲಿ.

ಈ ಬದಲಾವಣೆಗೆ ಮುಖ್ಯ ಕಾರಣ ಅದರ ರಂಧ್ರಮಯ ರಚನೆ. ಫಿರೋಜಾ ವಜ್ರದಂತೆ ಅಥವಾ ಪಚ್ಚೆಯಂತೆ ಒಂದೇ ದೊಡ್ಡ ಹರಳಲ್ಲ. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣ ಹರಳುಗಳು ಒತ್ತಾಗಿ ಕೂಡಿಕೊಂಡ ರಾಶಿ ಅದು, ಮತ್ತು ಆ ಹರಳುಗಳ ನಡುವೆ ತೆರಪು ಉಳಿದಿರುತ್ತದೆ. ನಮ್ಮ ಮನೆಗಳ ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರಿಕೊಳ್ಳುವಂತೆಯೇ ಅದು ಬೆವರು, ಎಣ್ಣೆ, ಅತ್ತರು, ಸಾಬೂನಿನ ನೀರುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹರಳುಗಳು ಒತ್ತಾಗಿ ಕೂಡಿದ ಉತ್ತಮ ಕಲ್ಲಿನಲ್ಲಿ ತೆರಪು ತೀರ ಕಡಿಮೆ, ಸೀಮೆಸುಣ್ಣದಂತಿರುವ ಕೆಳದರ್ಜೆಯ ಕಲ್ಲಿನಲ್ಲಿ ಬಹಳ ಹೆಚ್ಚು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದರ ಗಡಸುತನ 5ರಿಂದ 6. ಮರಳಿನಲ್ಲಿ ಹೇರಳವಾಗಿರುವ ಬೆಣಚುಕಲ್ಲಿನ (ಕ್ವಾರ್ಟ್ಜ್) ಗಡಸುತನ 7 ಆಗಿರುವುದರಿಂದ ಮಲ್ಪೆ ಅಥವಾ ಪಣಂಬೂರಿನ ಕಡಲತಡಿಯ ಮರಳಿನ ಕಣವೊಂದು ಫಿರೋಜಾದ ಹೊಳಪನ್ನು ಸಲೀಸಾಗಿ ಗೀಚಿಬಿಡುತ್ತದೆ. ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿನ ಎಷ್ಟು ಪಟ್ಟು ತೂಕ ಎಂಬ ಅಳತೆ, 2.6ರಿಂದ 2.9ರ ನಡುವೆ ಇರುತ್ತದೆ. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮನೆಯ ಪರೀಕ್ಷೆಗೆ ಬೇಕಾಗುತ್ತದೆ.

ಅಂಗಡಿಯಲ್ಲಿ ಇರುವ ಸರಕು ಯಾವುದು

ಫಿರೋಜಾ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಮೊದಲನೆಯದು ಗಣಿಯಿಂದ ತೆಗೆದು, ಕತ್ತರಿಸಿ, ಉಜ್ಜಿ ಹೊಳಪು ಕೊಟ್ಟ ಸಂಸ್ಕರಿಸದ ಕಲ್ಲು. ಇದು ಒಟ್ಟು ಉತ್ಪಾದನೆಯಲ್ಲಿ ಸಣ್ಣ ಪಾಲು, ಬೆಲೆಯೂ ಹೆಚ್ಚು. ಎರಡನೆಯದು ಮೇಣ ಅಥವಾ ಎಣ್ಣೆ ಹಚ್ಚಿದ ಕಲ್ಲು. ಹಚ್ಚಿದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಆದರೆ ಬಿಸಿಲಿಗೂ ಮೈಯ ಬಿಸಿಗೂ ಮೇಣ ಹೊರಬಂದು ಕಲ್ಲು ಮಂಕಾಗುತ್ತದೆ. ಮೂರನೆಯದು ಸ್ಥಿರೀಕರಿಸಿದ ಕಲ್ಲು: ನಿಜವಾದ ಆದರೆ ಮೆದುವಾದ ಫಿರೋಜಾದ ತೆರಪುಗಳಿಗೆ ಒತ್ತಡದಲ್ಲಿ ರಾಳ, ಅಂದರೆ ಎಪಾಕ್ಸಿಯಂಥ ಪ್ಲಾಸ್ಟಿಕ್ ದ್ರವವನ್ನು ತುಂಬಿ ಗಟ್ಟಿಮಾಡಿರುತ್ತಾರೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ನಿಜವಾದ ಫಿರೋಜಾದಲ್ಲಿ ಬಹುಪಾಲು ಇದೇ ವರ್ಗದ್ದು. 1980ರ ದಶಕದಿಂದ ಬಳಕೆಯಲ್ಲಿರುವ ಝಾಕರಿ ವಿಧಾನವೆಂಬ ಇನ್ನೊಂದು ಸಂಸ್ಕರಣೆಯೂ ಇದೆ. ಅದರಲ್ಲಿ ರಾಳವನ್ನು ತುಂಬದೆಯೇ ಕಲ್ಲಿನ ರಂಧ್ರಮಯತೆಯನ್ನು ತಗ್ಗಿಸುತ್ತಾರೆ. ಅದನ್ನು ಕಣ್ಣಿನಿಂದಾಗಲಿ ಭೂತಗನ್ನಡಿಯಿಂದಾಗಲಿ ಕಂಡುಹಿಡಿಯಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ರಾಸಾಯನಿಕ ವಿಶ್ಲೇಷಣೆ ಮಾಡಿ ಪೊಟ್ಯಾಸಿಯಂ ಪ್ರಮಾಣ ಅಸಹಜವಾಗಿ ಹೆಚ್ಚಿದೆಯೇ ಎಂದು ನೋಡಬೇಕಾಗುತ್ತದೆ.

ಇದರ ಕೆಳಗಿನ ದರ್ಜೆಯದು ಪುಡಿ ಮತ್ತು ಚೂರುಗಳನ್ನು ರಾಳದಲ್ಲಿ ಕಲಸಿ ಅಚ್ಚೊತ್ತಿದ ಸರಕು. ನೀಲಿ ಚೂರುಗಳ ನಡುವೆ ತಾಮ್ರದಂತೆ ಹೊಳೆಯುವ ಗೆರೆಗಳಿರುವ, ಮೊಹಾವೆ ಎಂಬ ಹೆಸರಿನಲ್ಲಿ ಬರುವ ದೊಡ್ಡ ಪದಕಗಳು ಈ ಜಾತಿಗೆ ಸೇರಿದವು. ಕೊನೆಯಲ್ಲಿ ಫಿರೋಜಾವೇ ಅಲ್ಲದ ವಸ್ತುಗಳಿವೆ. ಹೌಲೈಟ್ ಮತ್ತು ಮ್ಯಾಗ್ನೆಸೈಟ್ ಎಂಬ ಬಿಳಿ ಖನಿಜಗಳು ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಅವಕ್ಕೆ ನೀಲಿ ಬಣ್ಣ ಹಾಕಿ ಮಣಿಸರ ಮಾಡುತ್ತಾರೆ. ಅವುಗಳಲ್ಲಿ ಸಹಜವಾಗಿಯೇ ಬೂದುಗಪ್ಪು ಗೆರೆಗಳಿರುವುದರಿಂದ ನೋಡಿದವರಿಗೆ ಫಿರೋಜಾ ಎಂದೇ ಅನ್ನಿಸುತ್ತದೆ. ಗಾಜು, ಪಿಂಗಾಣಿ, ಪ್ಲಾಸ್ಟಿಕ್‌ಗಳ ಅನುಕರಣೆಗಳೂ ಇವೆ. ಈ ಕಲ್ಲನ್ನು ಅನುಕರಿಸುವ ಕಸುಬು ಹೊಸದೇನೂ ಅಲ್ಲ. ಸಿನಾಯ್‌ನ ಸೆರಾಬಿತ್ ಎಲ್ ಖಾದಿಮ್‌ನಲ್ಲಿ ಹಾಥೋರ್ ದೇವತೆಯ ಗುಡಿ ಕಟ್ಟಿ ಫಿರೋಜಾ ಅಗೆಯುತ್ತಿದ್ದ ಪ್ರಾಚೀನ ಈಜಿಪ್ಟಿನವರೇ, ಅದೇ ಬಣ್ಣ ಬರುವಂತೆ ಮೆರುಗು ಕೊಟ್ಟ, ಪಿಂಗಾಣಿಯಂಥ ಫಾಯೆನ್ಸ್ ಮಣಿಗಳನ್ನು ಸುಟ್ಟು ತಯಾರಿಸುತ್ತಿದ್ದರು.

ಹೆಸರುಗಳನ್ನು ಕಂಡು ಮೋಸಹೋಗಬಾರದು. ‘ಬಿಳಿ ಫಿರೋಜಾ’ ಎಂದು ಮಾರುವುದು ಸಾಮಾನ್ಯವಾಗಿ ಹೌಲೈಟ್ ಅಥವಾ ಮ್ಯಾಗ್ನೆಸೈಟ್. ‘ಆಫ್ರಿಕನ್ ಟರ್ಕಾಯ್ಸ್’ ಎಂಬುದು ಫಿರೋಜಾ ಅಲ್ಲ, ಜಾಸ್ಪರ್ ಕಲ್ಲು. ‘ಟಿಬೆಟನ್’ ಎಂಬ ಮಾತು ಅನೇಕ ಸಲ ಆಭರಣದ ಶೈಲಿಯನ್ನು ಸೂಚಿಸುತ್ತದೆಯೇ ಹೊರತು ಕಲ್ಲಿನ ಊರನ್ನಲ್ಲ. ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಗಣಿ ಗೆರೆಗಳಿಲ್ಲದ ತಿಳಿನೀಲಿ ಕಲ್ಲಿಗೆ ಪ್ರಸಿದ್ಧವಾಗಿತ್ತು. ಅಲ್ಲಿ ಫಿರೋಜಾ ತೆಗೆಯುವುದು 2012ರಲ್ಲಿ ನಿಂತಿತು. ಆದ್ದರಿಂದ ಆ ಹೆಸರಿನಲ್ಲಿ ಅಗ್ಗದ ಬೆಲೆಗೆ ರಾಶಿಗಟ್ಟಲೆ ಸಿಗುವ ಕಲ್ಲನ್ನು ಸಂಶಯದಿಂದಲೇ ನೋಡಬೇಕು. ದುಬೈ, ಮಸ್ಕತ್, ಕುವೈತ್‌ಗಳಲ್ಲಿ ದುಡಿಯುವ ನಮ್ಮವರು ಊರಿಗೆ ಬರುವಾಗ ತರುವ ಉಂಗುರಗಳಲ್ಲಿ ಇರಾನಿನ ಕಲ್ಲುಗಳು ಇರುವುದುಂಟು. ಇರಾನಿನ ವ್ಯಾಪಾರಿಗಳು ಗೆರೆಯಿಲ್ಲದ ಗಾಢನೀಲಿಯನ್ನು ಅಜಮಿ ಎಂದೂ ಕಪ್ಪು ಜಾಲವಿರುವುದನ್ನು ಶಜರಿ ಎಂದೂ ವಿಂಗಡಿಸುತ್ತಾರೆ. ಅಜಮಿ ಎಂದು ಹೇಳಿದ ಮಾತ್ರಕ್ಕೆ ಅದು ಸಂಸ್ಕರಿಸದ ಕಲ್ಲೆಂದು ಅರ್ಥವಾಗುವುದಿಲ್ಲ. ಅದನ್ನು ಪ್ರತ್ಯೇಕವಾಗಿಯೇ ಕೇಳಿ ತಿಳಿದುಕೊಳ್ಳಬೇಕು.

ಸ್ಥಿರೀಕರಿಸಿದ ಕಲ್ಲನ್ನು ನಕಲಿ ಎಂದು ತಳ್ಳಿಹಾಕುವವರಿದ್ದಾರೆ. ಕರಾವಳಿಯ ಮಟ್ಟಿಗೆ ನಾನು ಆ ಅಭಿಪ್ರಾಯವನ್ನು ಒಪ್ಪುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೈಯಲ್ಲೇ ಇರುವ ಉಂಗುರಕ್ಕೆ, ಸೆಕೆಗಾಲದಲ್ಲಿ ಕುತ್ತಿಗೆಗೆ ಅಂಟಿಕೊಂಡಿರುವ ಸರಕ್ಕೆ, ತೆರಪು ಮುಚ್ಚಿರುವ ಸ್ಥಿರೀಕರಿಸಿದ ಕಲ್ಲೇ ಇಲ್ಲಿ ಹೆಚ್ಚು ಸೂಕ್ತ. ಅದು ಎಣ್ಣೆ ಮತ್ತು ಬೆವರನ್ನು ಹೀರುವುದು ಕಡಿಮೆ, ಬಣ್ಣ ಉಳಿಸಿಕೊಳ್ಳುವುದು ಹೆಚ್ಚು. ಸಂಸ್ಕರಿಸದ ಕಲ್ಲನ್ನು ಮದುವೆ, ಉಪನಯನ, ಹಬ್ಬಗಳಲ್ಲಿ ಕೆಲವು ಗಂಟೆ ಮಾತ್ರ ಧರಿಸುವ ಕಿವಿಯೋಲೆಗೋ ಪದಕಕ್ಕೋ ಆರಿಸಿಕೊಳ್ಳುವುದು ವಿವೇಕ. ಕಿವಿಯ ಆಭರಣಕ್ಕೆ ಬೆವರಿನ ಮತ್ತು ಪೆಟ್ಟಿನ ಬಾಧೆ ಉಂಗುರಕ್ಕಿಂತ ಬಹಳ ಕಡಿಮೆ. ಆದರೆ ಸ್ಥಿರೀಕರಿಸಿದ್ದನ್ನು ಸ್ಥಿರೀಕರಿಸಿದ್ದೆಂದೇ ಹೇಳಿ, ಅದಕ್ಕೆ ತಕ್ಕ ಬೆಲೆಗೇ ಮಾರಬೇಕು. ಅದನ್ನು ಮುಚ್ಚಿಟ್ಟು ಅಪ್ಪಟ ನೈಸರ್ಗಿಕದ ಬೆಲೆ ತೆಗೆದುಕೊಳ್ಳುವುದು ವಂಚನೆಯೇ ಸರಿ.

ಕೈಗೆತ್ತಿಕೊಂಡು ನೋಡುವ ಬಗೆ

ಆಭರಣದಂಗಡಿಯ ಬಿಳಿ ದೀಪಗಳ ಕೆಳಗೆ ಫಿರೋಜಾದ ನೀಲಿ ಇರುವುದಕ್ಕಿಂತ ಚೆಲುವಾಗಿ ಕಾಣುತ್ತದೆ, ಹಳದಿ ಬೆಳಕಿನಲ್ಲಿ ಹಸಿರಾಗಿ ಕಾಣುತ್ತದೆ. ಮಂಗಳೂರಿನ ಭವಂತಿ ಸ್ಟ್ರೀಟಿನ ಅಂಗಡಿಯಾಗಲಿ ಉಡುಪಿಯ ರಥಬೀದಿಯ ಅಂಗಡಿಯಾಗಲಿ, ಕಲ್ಲನ್ನು ಬಾಗಿಲ ಬಳಿ ತಂದು ಹಗಲಿನ ಬೆಳಕಿನಲ್ಲಿ, ನೇರ ಬಿಸಿಲು ಬೀಳದ ಕಡೆ ಹಿಡಿದು ನೋಡಲು ಅನುಮತಿ ಕೇಳಬೇಕು. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಅಡ್ಡಿಪಡಿಸುವುದಿಲ್ಲ. ಕಲ್ಲಿನ ಮೇಲೆ ಎಣ್ಣೆಯೋ ನೀರೋ ಸವರಿದ್ದರೆ ಬಣ್ಣ ತಾತ್ಕಾಲಿಕವಾಗಿ ಗಾಢವಾಗುವುದರಿಂದ, ಮೊದಲು ಒಣ ಹತ್ತಿಬಟ್ಟೆಯಿಂದ ಒರೆಸಿಯೇ ನೋಡಬೇಕು. ಬಟ್ಟೆಗೆ ಜಿಡ್ಡು ಹತ್ತಿದರೆ ಅದೇ ಒಂದು ಉತ್ತರ.

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಈ ಕೆಲಸಕ್ಕೆ ಅತ್ಯಂತ ಉಪಯುಕ್ತ ಸಾಧನ, ಮತ್ತು ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಅದರಲ್ಲಿ ಮೊದಲು ಗೆರೆಗಳನ್ನು ಗಮನಿಸಬೇಕು. ನಿಜವಾದ ಫಿರೋಜಾದಲ್ಲಿ ಕಂದು ಅಥವಾ ಕಪ್ಪು ಗೆರೆ ಎಂದರೆ ಆ ಕಲ್ಲು ಹುಟ್ಟಿದ ಬಂಡೆಯ ಉಳಿಕೆ. ಅದರ ಗಡಸುತನ ಸುತ್ತಲಿನ ನೀಲಿಗಿಂತ ಬೇರೆಯಾಗಿರುವುದರಿಂದ ಹೊಳಪು ಕೊಟ್ಟ ಮೇಲೂ ಹಲವು ಕಡೆ ಸ್ವಲ್ಪ ತಗ್ಗಾಗಿ ಕಾಣುತ್ತದೆ, ಉಗುರಿನಿಂದ ಸವರಿದರೆ ಕೆಲವೊಮ್ಮೆ ಕೈಗೂ ತಿಳಿಯುತ್ತದೆ. ಅದರ ಅಗಲವೂ ಒಂದೇ ಸಮನಾಗಿರುವುದಿಲ್ಲ. ಬಣ್ಣದಿಂದ ಎಳೆದ ಗೆರೆಯಾದರೆ ಮೇಲ್ಮೈಯಲ್ಲೇ ಚಪ್ಪಟೆಯಾಗಿ ಕೂತಿರುತ್ತದೆ. ನಂತರ ನೀಲಿಯನ್ನೇ ನೋಡಬೇಕು. ಬಿರುಕುಗಳ ಉದ್ದಕ್ಕೂ ನೀಲಿ ದಟ್ಟವಾಗಿ ಮಡುಗಟ್ಟಿದ್ದರೆ ಅದು ಹಾಕಿದ ಬಣ್ಣ. ಗಾಳಿಗುಳ್ಳೆಗಳು ಕಂಡರೆ ಅದು ಗಾಜು ಅಥವಾ ಪ್ಲಾಸ್ಟಿಕ್ ಆಗಿರುವ ಸಾಧ್ಯತೆ ಹೆಚ್ಚು, ರಾಳ ತುಂಬಿದ ಕಲ್ಲಿನ ಪೊಟರೆಗಳಲ್ಲೂ ಒಮ್ಮೊಮ್ಮೆ ಕಾಣಬಹುದು. ಬಿಳಿಯ ಹಿನ್ನೆಲೆಯಲ್ಲಿ ಸಮಗಾತ್ರದ ನೀಲಿ ಕಣಗಳು ಒತ್ತೊತ್ತಾಗಿ ಕಂಡರೆ ಅದು 1970ರ ದಶಕದಲ್ಲಿ ಫ್ರಾನ್ಸಿನಿಂದ ಮಾರುಕಟ್ಟೆಗೆ ಬಂದ ಜಿಲ್ಸನ್ ಮಾದರಿಯ ಕೃತಕ ಫಿರೋಜಾ ಇರಬಹುದು, ಆದರೆ ಅದನ್ನು ಸ್ಪಷ್ಟವಾಗಿ ಕಾಣಲು ಹತ್ತು ಪಟ್ಟಿಗಿಂತ ಹೆಚ್ಚಿನ ಹಿಗ್ಗುವಿಕೆ ಬೇಕಾಗುತ್ತದೆ.

ಮಣಿಸರವಾದರೆ ಪರೀಕ್ಷೆ ಇನ್ನೂ ಸುಲಭ. ದಾರ ಹಾದುಹೋಗುವ ತೂತಿನ ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಿದರೆ, ಬಣ್ಣ ಹಾಕಿದ ಹೌಲೈಟ್ ಅಥವಾ ಮ್ಯಾಗ್ನೆಸೈಟ್ ಆಗಿದ್ದಲ್ಲಿ ಒಳಗೆ ಬಿಳಿ ಕಾಣುವುದುಂಟು. ಜಾತ್ರೆ, ಉತ್ಸವಗಳ ಸಮಯದಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ನೀಲಿ ಸರಗಳನ್ನು ಅಂದಕ್ಕಾಗಿ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆ ಬೆಲೆಗೆ ಫಿರೋಜಾ ಸಿಗುವುದಿಲ್ಲ ಎಂಬ ಅರಿವಿದ್ದರೆ ಸಾಕು.

ಮನೆಗೆ ತಂದ ಬಿಡಿಗಲ್ಲನ್ನು ತೂಗಿ ನೋಡುವ ಒಂದು ವಿಧಾನವಿದೆ. ಇದು ಕಲ್ಲಿಗೆ ಹಾನಿ ಮಾಡದ, ಶಾಲೆಯ ಭೌತಶಾಸ್ತ್ರದಷ್ಟೇ ಸರಳವಾದ ಪರೀಕ್ಷೆಯಾದ್ದರಿಂದ ವಿವರವಾಗಿ ಹೇಳುತ್ತೇನೆ. 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮೊದಲು ಕಲ್ಲನ್ನು ಹಾಗೆಯೇ ತೂಗಿ ಬರೆದುಕೊಳ್ಳಬೇಕು. ನಂತರ ಒಂದು ಲೋಟ ಶುದ್ಧ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಕಲ್ಲನ್ನು ತೆಳುವಾದ ನೂಲಿಗೆ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ಲೋಟದ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿ ತೋರಿಸುವ ತೂಕವೇ ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ಅಂಕಿಯನ್ನು ಇದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ಉದಾಹರಣೆಗೆ ಕಲ್ಲು 4.08 ಗ್ರಾಂ ಇದ್ದು, ನೀರಿನಲ್ಲಿ ಇಳಿಬಿಟ್ಟಾಗ 1.50 ಗ್ರಾಂ ತೋರಿಸಿದರೆ ಉತ್ತರ 2.72, ಅದು ಫಿರೋಜಾಕ್ಕೆ ಹೊಂದುತ್ತದೆ. ಉತ್ತರ 3.0ರ ಆಸುಪಾಸಿಗೆ ಬಂದರೆ ಮ್ಯಾಗ್ನೆಸೈಟ್ ಇರಬಹುದು, 1.5ಕ್ಕಿಂತ ಕೆಳಗಿದ್ದರೆ ಅದು ಪ್ಲಾಸ್ಟಿಕ್. ಹೌಲೈಟ್‌ನ ಸಾಂದ್ರತೆ ಸುಮಾರು 2.58 ಆಗಿರುವುದರಿಂದಲೂ ರಾಳ ತುಂಬಿದ ಫಿರೋಜಾದ ಸಾಂದ್ರತೆ 2.6ಕ್ಕಿಂತ ಕೆಳಗಿಳಿಯಬಹುದಾದ್ದರಿಂದಲೂ, ಆ ಎರಡನ್ನು ಈ ಪರೀಕ್ಷೆಯೊಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲ. ಅಲ್ಲಿ ಭೂತಗನ್ನಡಿಯ ಸಾಕ್ಷ್ಯವೂ ಬೇಕು. ಕಲ್ಲು ಒಂದು ಗ್ರಾಂಗಿಂತ, ಅಂದರೆ 5 ಕ್ಯಾರೆಟ್‌ಗಿಂತ ಚಿಕ್ಕದಾದರೆ ತಕ್ಕಡಿಯ ಸಣ್ಣ ವ್ಯತ್ಯಾಸವೂ ಉತ್ತರವನ್ನು ಏರುಪೇರು ಮಾಡುತ್ತದೆ. ಲೋಹದಲ್ಲಿ ಕೂರಿಸಿದ ಕಲ್ಲಿಗೆ ಈ ಪರೀಕ್ಷೆ ಸಲ್ಲದು. ಮುಗಿದ ಕೂಡಲೇ ಕಲ್ಲನ್ನು ಒರೆಸಿ ನೆರಳಿನಲ್ಲಿ ಆರಿಸಬೇಕು.

ಬಣ್ಣ ಹಾಕಿರುವ ಅನುಮಾನವಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನ್ ದ್ರವದಲ್ಲಿ ಹತ್ತಿಯ ತುದಿಯನ್ನು ಅದ್ದಿ ಕಲ್ಲಿನ ತಳಭಾಗದ ಕಾಣದ ಮೂಲೆಯಲ್ಲಿ ಮೆಲ್ಲಗೆ ಉಜ್ಜಬಹುದು. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದು ಖಚಿತ, ಆಗದಿದ್ದರೆ ಬಣ್ಣ ಹಾಕಿಲ್ಲವೆಂದು ಖಚಿತವಾಗುವುದಿಲ್ಲ, ಏಕೆಂದರೆ ರಾಳದ ಪದರ ಬಣ್ಣವನ್ನು ಹಿಡಿದಿಟ್ಟಿರಬಹುದು. ಅಸಿಟೋನ್ ಮೇಣವನ್ನೂ ಕರಗಿಸುವುದರಿಂದ ಇದನ್ನು ನಿಮ್ಮದೇ ಕಲ್ಲಿನ ಮೇಲೆ, ಅಗತ್ಯವಿದ್ದಾಗ ಮಾತ್ರ ಮಾಡಬೇಕು. ಕಾಯಿಸಿದ ಸೂಜಿಯನ್ನು ಚುಚ್ಚಿ ಪ್ಲಾಸ್ಟಿಕ್ ವಾಸನೆ ಬರುತ್ತದೆಯೇ ಎಂದು ನೋಡುವ ಪದ್ಧತಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದು ನಿಜವಾದ ಕಲ್ಲಿನ ಮೇಲೂ ಅಳಿಸಲಾಗದ ಕಲೆಯನ್ನು ಉಳಿಸುತ್ತದೆ, ಮತ್ತು ಸ್ಥಿರೀಕರಿಸಿದ ಕಲ್ಲನ್ನು ವೃಥಾ ನಕಲಿಯೆಂದು ತೋರಿಸುತ್ತದೆ.

ಬಿಲ್ಲಿನಲ್ಲಿ ಬರೆಸಬೇಕಾದದ್ದು

ಚಿನ್ನದ ಮೇಲಿನ ಬಿಐಎಸ್ ಹಾಲ್‌ಮಾರ್ಕ್ ಮತ್ತು ಎಚ್‌ಯುಐಡಿ ಸಂಖ್ಯೆ ಲೋಹದ ಶುದ್ಧತೆಯನ್ನು ಮಾತ್ರ ದೃಢಪಡಿಸುತ್ತವೆ, ಅದರಲ್ಲಿ ಕೂರಿಸಿದ ಕಲ್ಲಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಕಲ್ಲಿನ ಹೆಸರು, ಕ್ಯಾರೆಟ್‌ನಲ್ಲಿ ಅದರ ತೂಕ, ಸಂಸ್ಕರಿಸದ್ದೇ ಅಥವಾ ಸ್ಥಿರೀಕರಿಸಿದ್ದೇ ಎಂಬ ವಿವರ, ಬಣ್ಣ ಹಾಕಿದೆಯೇ ಇಲ್ಲವೇ ಎಂಬ ಉಲ್ಲೇಖ, ಇಷ್ಟನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಒಟ್ಟು ತೂಕದಿಂದ ಕಲ್ಲಿನ ಮತ್ತು ಅರಗಿನ ತೂಕವನ್ನು ಕಳೆದು, ಉಳಿದ ನಿವ್ವಳ ಚಿನ್ನಕ್ಕೆ ಮಾತ್ರ ಚಿನ್ನದ ದರ ಹಾಕಿದ್ದಾರೆಯೇ ಎಂದೂ ನೋಡಿಕೊಳ್ಳಬೇಕು. ಬೆಲೆ ದೊಡ್ಡದಾಗಿದ್ದರೆ ರತ್ನಪರೀಕ್ಷಾ ಪ್ರಯೋಗಾಲಯದ ವರದಿ ಕೇಳುವುದು ನಿಮ್ಮ ಹಕ್ಕು. ಬಣ್ಣದ ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ ಜೈಪುರದಲ್ಲೂ ಮುಂಬಯಿಯಲ್ಲೂ ಅಂಥ ಪ್ರಯೋಗಾಲಯಗಳಿವೆ, ಅಂಗಡಿಯವರ ಮೂಲಕವೇ ಕಳುಹಿಸಿ ತರಿಸಬಹುದು. ವರದಿಯಲ್ಲಿ ಕಲ್ಲಿನ ಹೆಸರಿಗಿಂತ ಸಂಸ್ಕರಣೆಯ ಬಗೆಗಿನ ಸಾಲನ್ನು ಮೊದಲು ಓದಬೇಕು.

ಹೇಳಿದ್ದೊಂದು ಕೊಟ್ಟದ್ದೊಂದು ಆದಾಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಸಾಮಾನ್ಯವಾಗಿ ಎರಡು ವರ್ಷಗಳ ಅವಧಿಯಿದೆ, ಮತ್ತು ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂತರ್ಜಾಲದಲ್ಲಿ ದೂರದ ಊರಿನ ಮಾರಾಟಗಾರರಿಂದ ಕೊಂಡವರಿಗೆ ಇದು ಮುಖ್ಯ ಅನುಕೂಲ. ಆದರೆ ಬಿಲ್ಲಿನಲ್ಲಿ ‘ನೀಲಿ ಕಲ್ಲು’ ಎಂದಷ್ಟೇ ಬರೆದಿದ್ದರೆ ವಾದಿಸಲು ಆಧಾರವೇ ಉಳಿಯುವುದಿಲ್ಲ.

ಆಚಾರಿಯವರಿಗೆ ಹೇಳಬೇಕಾದ ಮಾತು

ಕಲ್ಲನ್ನು ಬಿಡಿಯಾಗಿ ಕೊಂಡು ಊರಿನ ಆಚಾರಿಯವರ ಕೈಯಲ್ಲಿ ಕೂರಿಸಿಕೊಳ್ಳುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಫಿರೋಜಾಕ್ಕೆ ಗುಮ್ಮಟದಂತೆ ಉಬ್ಬಿದ ಆಕಾರವೇ ಒಗ್ಗುತ್ತದೆ, ಸುತ್ತಲೂ ಲೋಹದ ಅಂಚನ್ನು ಬಾಗಿಸಿ ಹಿಡಿಯುವ ಕ್ರಮ ಲೋಹದ ಉಗುರುಗಳಲ್ಲಿ ಕಚ್ಚಿಸುವ ಕ್ರಮಕ್ಕಿಂತ ಸುರಕ್ಷಿತ. ಜ್ಯೋತಿಷಿಗಳ ಸಲಹೆಯಂತೆ ಮಾಡಿಸುವ ಉಂಗುರಗಳಲ್ಲಿ ಕಲ್ಲು ಚರ್ಮಕ್ಕೆ ತಾಗಲೆಂದು ತಳವನ್ನು ತೆರೆದಿಡುವ ರೂಢಿಯಿದೆ. ನವರತ್ನಗಳಲ್ಲಿ ಫಿರೋಜಾ ಸೇರಿಲ್ಲದಿದ್ದರೂ ಅದನ್ನೂ ಹಾಗೆಯೇ ಕೂರಿಸುವುದುಂಟು. ನೀಲಕ್ಕೋ ಪುಷ್ಯರಾಗಕ್ಕೋ ಇದರಿಂದ ತೊಂದರೆಯಿಲ್ಲ. ಫಿರೋಜಾಕ್ಕೆ ಮಾತ್ರ ಇದು ಅತ್ಯಂತ ಹಾನಿಕರ, ಏಕೆಂದರೆ ಹೊಳಪು ಕೊಡದ ಆ ತಳಭಾಗದ ಮೂಲಕವೇ ಬೆರಳಿನ ಬೆವರೂ ಎಣ್ಣೆಯೂ ಅತಿ ಸುಲಭವಾಗಿ ಒಳಸೇರುತ್ತವೆ. ನಂಬಿಕೆಯ ಕಾರಣದಿಂದ ತಳ ತೆರೆದಿರಲೇಬೇಕೆಂದಿದ್ದರೆ ಸ್ಥಿರೀಕರಿಸಿದ ಕಲ್ಲನ್ನೇ ಆರಿಸಿಕೊಳ್ಳಿ, ಇಲ್ಲವಾದರೆ ಮುಚ್ಚಿದ ತಳವನ್ನೇ ಮಾಡಿಸಿ.

ಇನ್ನೊಂದು ವಿಷಯವನ್ನು ಕೆಲಸ ಒಪ್ಪಿಸುವಾಗಲೇ ಸ್ಪಷ್ಟವಾಗಿ ಹೇಳಬೇಕು: ಬೆಸುಗೆ ಹಾಕುವ ಮೊದಲು ಕಲ್ಲನ್ನು ಕಡ್ಡಾಯವಾಗಿ ಬಿಚ್ಚಿಡಬೇಕು. ಬೆಳ್ಳಿಯ ಬೆಸುಗೆ ಕರಗಲು ಸುಮಾರು 650ರಿಂದ 750 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲೇ ಫಿರೋಜಾದ ರಚನೆಯಲ್ಲಿರುವ ನೀರು ಹೊರಟುಹೋಗಿ ಕಲ್ಲು ಕಂದಾಗುತ್ತದೆ, ಬಿರಿಯುತ್ತದೆ. ಸ್ಥಿರೀಕರಿಸಿದ ಕಲ್ಲಾದರೆ ರಾಳವೇ ಸುಟ್ಟುಹೋಗುತ್ತದೆ. ಬೆಸುಗೆಯ ನಂತರ ಲೋಹವನ್ನು ತೊಳೆಯಲು ಬಳಸುವ ಆಮ್ಲದಲ್ಲೂ ಈ ಕಲ್ಲನ್ನು ಅದ್ದಬಾರದು. ಉಂಗುರದ ಅಳತೆ ಹೆಚ್ಚು ಕಡಿಮೆ ಮಾಡಿಸುವಾಗಲೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ವಜ್ರದ ಕೆಲಸಕ್ಕೆ ಒಗ್ಗಿದ ಕೈಗಳು ಆತುರದಲ್ಲಿ ಇದನ್ನು ಮರೆಯುವ ಸಂಭವವಿದೆ.

ಧರಿಸುವಾಗ

ಅಲಂಕಾರವೆಲ್ಲ ಮುಗಿದ ಮೇಲೆ ಕೊನೆಗೆ ಹಾಕಿಕೊಳ್ಳುವುದು, ಮನೆಗೆ ಬಂದ ಮೇಲೆ ಎಲ್ಲಕ್ಕಿಂತ ಮೊದಲು ತೆಗೆದಿಡುವುದು ಫಿರೋಜಾದ ವಿಷಯದಲ್ಲಿ ಪಾಲಿಸಬೇಕಾದ ಕ್ರಮ. ತಲೆಗೆ ಎಣ್ಣೆ, ಮುಖಕ್ಕೆ ಕ್ರೀಮು, ಮೈಗೆ ಸೆಂಟು ಹಚ್ಚಿಕೊಂಡು, ಅವು ಆರಿದ ಬಳಿಕವೇ ಆಭರಣ ಧರಿಸಬೇಕು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಕೂರುವಾಗ ಉಂಗುರ ಕೈಯಲ್ಲಿರಬಾರದು. ಅಡುಗೆಮನೆಯಲ್ಲಿ ಹುಣಸೆಹುಳಿ ಕಿವುಚುವ, ಪುನರ್ಪುಳಿ ಹಿಂಡುವ, ಲಿಂಬೆ ಕತ್ತರಿಸುವ, ಮೀನಿಗೆ ಅರಶಿನ ಉಪ್ಪು ಸವರುವ ಕೆಲಸಗಳಿಗೆ ಮುಂಚೆ ಅದನ್ನು ಬಿಚ್ಚಿಡಬೇಕು. ಆಮ್ಲ ಕಲ್ಲಿನ ಹೊಳಪನ್ನು ತಿನ್ನುತ್ತದೆ, ಅರಶಿನದ ಹಳದಿ ನೀಲಿಯ ಜೊತೆ ಸೇರಿದಾಗ ಹಸಿರು ಛಾಯೆ ಮೂಡುತ್ತದೆ. ಪೂಜೆಯಲ್ಲಿ ಗಂಧ, ಕುಂಕುಮ ಮುಟ್ಟುವ ಬೆರಳಿನಲ್ಲಿ ಧರಿಸಿದರೆ ಅವು ಅಂಚಿನ ಸಂದಿಯಲ್ಲಿ ಸೇರಿಕೊಂಡು ಒಣಗುತ್ತವೆ, ಆದ್ದರಿಂದ ಬೇರೆ ಬೆರಳನ್ನೋ ಎಡಗೈಯನ್ನೋ ಆರಿಸುವುದು ಒಳ್ಳೆಯದು. ಪಾತ್ರೆ ತೊಳೆಯುವ ಸಾಬೂನು, ಈಜುಕೊಳದ ಕ್ಲೋರಿನ್ ನೀರು, ಸಮುದ್ರಸ್ನಾನ, ಈ ಮೂರೂ ವರ್ಜ್ಯ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟುಹೋಗುವುದೂ ಅಷ್ಟೇ ಕೆಟ್ಟದ್ದು.

ಸ್ವಚ್ಛಗೊಳಿಸುವುದು ಮತ್ತು ಎತ್ತಿಡುವುದು

ದಿನವೂ ಧರಿಸುವುದಾದರೆ ರಾತ್ರಿ ತೆಗೆಯುವಾಗ ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಜಿಡ್ಡು ಕೂತಿದ್ದರೆ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಮ್ಮೆ ಸವರಿ, ತಕ್ಷಣ ಒಣಬಟ್ಟೆಯಿಂದ ಒರೆಸಬೇಕು. ನೀರಿನಲ್ಲಿ ನೆನೆಸಿಡಬಾರದು. ಅಂಗಡಿಗಳಲ್ಲಿ ಉಚಿತವಾಗಿ ಮಾಡಿಕೊಡುವ ಅಲ್ಟ್ರಾಸಾನಿಕ್ ಯಂತ್ರದ ತೊಳೆತ ಮತ್ತು ಉಗಿಯ ತೊಳೆತ ವಜ್ರಕ್ಕೆ ಸರಿ, ಫಿರೋಜಾಕ್ಕೆ ಬೇಡವೆಂದು ಮೊದಲೇ ಹೇಳಬೇಕು.

ಬೆಳ್ಳಿಯ ಆಭರಣದಲ್ಲಿ ತೊಡಕು ಹೆಚ್ಚು. ಕಲ್ಲಿಗೆ ಏನೂ ಆಗದಿದ್ದರೂ ಬೆಳ್ಳಿ ಕಪ್ಪಾಗುತ್ತದೆ, ಮತ್ತು ಬೆಳ್ಳಿಯನ್ನು ಬೆಳಗಲು ಮನೆಯಲ್ಲಿ ಬಳಸುವ ವಸ್ತುಗಳೆಲ್ಲ ಕಲ್ಲಿಗೆ ಶತ್ರುಗಳು. ಹುಣಸೆಹಣ್ಣು, ಅಂಟುವಾಳದ ನೊರೆ, ಹಲ್ಲುಪುಡಿ, ಬಿಸಿನೀರಿಗೆ ಸೋಡಾಪುಡಿ ಹಾಕಿ ಅಲ್ಯೂಮಿನಿಯಂ ಹಾಳೆಯ ಮೇಲಿಡುವ ವಿಧಾನ, ಅದ್ದಿ ತೆಗೆಯುವ ದ್ರವಗಳು, ಇವುಗಳಲ್ಲಿ ಯಾವುದನ್ನೂ ಬಳಸಬಾರದು. ಬೆಳ್ಳಿ ಒರೆಸಲೆಂದೇ ಸಿಗುವ ಪಾಲಿಶ್ ಬಟ್ಟೆಯನ್ನು ಬೆರಳ ತುದಿಗೆ ಸುತ್ತಿಕೊಂಡು, ಕಲ್ಲಿಗೆ ತಾಗದಂತೆ ಲೋಹವನ್ನು ಮಾತ್ರ ಉಜ್ಜಬೇಕು. ಇದಕ್ಕೆ ತಾಳ್ಮೆ ಬೇಕು, ಆದರೆ ಬೇರೆ ದಾರಿಯಿಲ್ಲ.

ಎತ್ತಿಡುವಾಗ ಪ್ರತಿ ಆಭರಣವನ್ನೂ ಬೇರೆ ಬೇರೆ ಹತ್ತಿಯ ಚೀಲದಲ್ಲಿಡಬೇಕು. ಒಂದೇ ಡಬ್ಬಿಯಲ್ಲಿಟ್ಟರೆ ವಜ್ರ, ಕೆಂಪು, ನೀಲದ ಹರಳುಗಳು ಫಿರೋಜಾವನ್ನು ಗೀಚುತ್ತವೆ. ಬೆಳ್ಳಿಯಾದರೆ ಆ ಚೀಲವನ್ನು ಗಾಳಿಯಾಡದ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಕಪ್ಪಾಗುವುದನ್ನು ತಡೆಯುವ ಕಾಗದದ ತುಂಡೊಂದನ್ನು ಜೊತೆಗಿಡಬಹುದು. ರಬ್ಬರ್ ಬ್ಯಾಂಡ್ ಸುತ್ತಬಾರದು, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಇನ್ನೂ ಬೇಗ ಕಪ್ಪಾಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಒಳಗೂ ತೇವ ಸೇರುವ ಮನೆಗಳಲ್ಲಿ ತಿಂಗಳಿಗೊಮ್ಮೆ ಹೊರತೆಗೆದು, ನೆರಳಿನಲ್ಲಿ ಗಾಳಿಗಿಟ್ಟು, ಒರೆಸಿ ಇಡುವುದು ಒಳ್ಳೆಯದು. ಮಣಿಸರದ ನೂಲು ತೇವಕ್ಕೂ ಬೆವರಿಗೂ ಬೇಗ ಜೀರ್ಣವಾಗುವುದರಿಂದ ಅದನ್ನೂ ಆಗ ಎಳೆದು ನೋಡಿ, ಸಡಿಲವಾಗಿದ್ದರೆ ಹೊಸದಾಗಿ ಪೋಣಿಸಿಕೊಳ್ಳಬೇಕು.

ಈಗಾಗಲೇ ಹಸಿರಾದ ಕಲ್ಲಿದ್ದರೆ

ಎಣ್ಣೆ ಆಳಕ್ಕೆ ಇಳಿದು ಬಣ್ಣ ಬದಲಾದ ಕಲ್ಲನ್ನು ಮೊದಲಿನ ನೀಲಿಗೆ ತರುವ ಭರವಸೆಯ ಮನೆಮದ್ದು ಯಾವುದೂ ಇಲ್ಲ. ಉಪ್ಪುನೀರಿನಲ್ಲಿ ನೆನೆಸುವುದು, ಸ್ಪಿರಿಟ್‌ನಲ್ಲಿ ಅದ್ದುವುದು, ಬಿಸಿಲಿಗಿಟ್ಟು ಎಣ್ಣೆ ಕುಡಿಸುವುದು ಮುಂತಾದ ಸಲಹೆಗಳನ್ನು ಅನುಸರಿಸಿದರೆ ಉಳಿದಿರುವ ಹೊಳಪೂ ಹೋಗುತ್ತದೆ. ಬದಲಾವಣೆ ಮೇಲ್ಪದರದಲ್ಲಷ್ಟೇ ಇದ್ದು ಕಲ್ಲು ಸಾಕಷ್ಟು ದಪ್ಪವಾಗಿದ್ದರೆ, ಕಲ್ಲು ಕತ್ತರಿಸುವ ಕುಶಲಕರ್ಮಿಗಳು ಅದನ್ನು ಬಿಚ್ಚಿ, ಮೇಲ್ಪದರವನ್ನು ಸವೆಸಿ ಮತ್ತೆ ಹೊಳಪು ಕೊಡಬಲ್ಲರು. ಇದರಿಂದ ತೂಕ ಕಡಿಮೆಯಾಗುತ್ತದೆ, ಒಳಗಿನ ಬಣ್ಣ ಹೇಗಿದೆಯೆಂದು ಸವೆಸಿದ ಮೇಲೆಯೇ ತಿಳಿಯುತ್ತದೆ, ಹಿಂಬದಿಗೆ ಅಂಟು ಬಳಿದು ತೆಳುವಾಗಿ ಕೂರಿಸಿದ ಕಲ್ಲಾದರೆ ಅದು ಒಡೆಯಲೂಬಹುದು. ಅಜ್ಜಿಯಿಂದ ಬಂದ ಉಂಗುರದಂಥ ಆಭರಣವಾಗಿದ್ದರೆ ಸವೆಸುವ ಕೆಲಸಕ್ಕೆ ಕೈಹಾಕದೆ, ಕಲ್ಲು ಅಲುಗಾಡದಂತೆ ಅಂಚನ್ನು ಬಿಗಿ ಮಾಡಿಸಿ, ಆ ಹಸಿರನ್ನು ಹಾಗೆಯೇ ಇರಗೊಟ್ಟು ಧರಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಹಾಗೆ ಬಿಗಿ ಮಾಡಿಸುವಾಗ ಹಳೆಯ ಅರಗು ಸಡಿಲವಾಗಿದೆಯೇ ಎಂದು ಆಚಾರಿಯವರಿಂದ ಪರೀಕ್ಷೆ ಮಾಡಿಸಬೇಕು. ಅರಗನ್ನು ಬದಲಿಸಬೇಕಾದರೆ ಕಲ್ಲನ್ನು ಹೊರತೆಗೆದ ಮೇಲೆಯೇ ಲೋಹವನ್ನು ಬಿಸಿ ಮಾಡಬೇಕು.